ಕ್ರೀಡಾಪಟುವಿನ ಐಷಾರಾಮಿ ಮನೆಗೆ ಬೆಲೆ ಕಟ್ಟಿ ಮಾರುವ ಬಗೆ: ಬೆಂಗಳೂರಿನ ಮಾಲೀಕರಿಗೆ ಸಮಗ್ರ ಮಾರ್ಗದರ್ಶಿ

ಷಿಕಾಗೊ ನಗರದ ಉತ್ತರಕ್ಕಿರುವ ಹೈಲ್ಯಾಂಡ್ ಪಾರ್ಕ್ ಎಂಬ ಉಪನಗರದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡಾನ್ ಕಟ್ಟಿಸಿದ ಮನೆಯ ಗೇಟಿನ ಮೇಲೆ ಅವರ ಜೆರ್ಸಿಯ ಸಂಖ್ಯೆಯಾದ 23 ದೊಡ್ಡ ಅಂಕಿಗಳಲ್ಲಿ ನಿಂತಿದೆ. ಏಳು ಎಕರೆಗೂ ಹೆಚ್ಚಿನ ಜಾಗ, ಸುಮಾರು 56,000 ಚದರಡಿ ಕಟ್ಟಡ, ಒಂಬತ್ತು ಮಲಗುವ ಕೋಣೆಗಳು, ಒಳಗೇ ಪೂರ್ಣ ಅಳತೆಯ ಬ್ಯಾಸ್ಕೆಟ್‌ಬಾಲ್ ಅಂಕಣ. 2012ರಲ್ಲಿ ಈ ಮನೆಯನ್ನು 2.9 ಕೋಟಿ ಡಾಲರ್‌ಗೆ ಮಾರಾಟಕ್ಕಿಟ್ಟರು. ಮರುವರ್ಷ ಬೆಲೆ 2.1 ಕೋಟಿಗೆ ಇಳಿಯಿತು. ಅದೇ ವರ್ಷದ ಕೊನೆಗೆ ನಡೆದ ಹರಾಜಿನಲ್ಲಿ ಕನಿಷ್ಠ ಬೆಲೆಯಾಗಿ ನಿಗದಿಪಡಿಸಿದ್ದ 1.3 ಕೋಟಿಯನ್ನೂ ಯಾರೂ ಮುಟ್ಟಲಿಲ್ಲ. 2015ರಲ್ಲಿ ಬೆಲೆಯನ್ನು 1,48,55,000 ಡಾಲರ್ ಎಂದು ನಿಗದಿಮಾಡಿದರು. ಆ ಅಂಕಿಗಳನ್ನು ಕೂಡಿದರೆ 23 ಬರುತ್ತದೆ. ಕೊಳ್ಳುವವರಿಗೆ ಏರ್ ಜೋರ್ಡಾನ್ ಬೂಟುಗಳ ಇಡೀ ಸಂಗ್ರಹವನ್ನೂ ಕೊಡುವುದಾಗಿ ಹೇಳಿದರು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಮನೆ ಮಾರಾಟವಾದದ್ದು 95 ಲಕ್ಷ ಡಾಲರ್‌ಗೆ, ಅಂದರೆ ಮೊದಲು ಕೇಳಿದ ಬೆಲೆಯ ಮೂರನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆಗೆ. ನಡುವಿನ ಆ ಹನ್ನೆರಡು ವರ್ಷಗಳ ಉದ್ದಕ್ಕೂ ಆಸ್ತಿ ತೆರಿಗೆಯೊಂದೇ ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತಿತ್ತು.

ಜೋರ್ಡಾನ್ ಅವರಿಗಿಂತ ದೊಡ್ಡ ಹೆಸರು ನಮ್ಮಲ್ಲಿ ಮನೆ ಮಾರಲು ಹೊರಟ ಯಾವ ಆಟಗಾರನಿಗೂ ಇರಲಾರದು. ಆ ಹೆಸರಿಗೇ ಬೆಲೆ ಬಾರದಿದ್ದ ಮೇಲೆ, ಸದಾಶಿವನಗರದಲ್ಲೋ ಕೋರಮಂಗಲದಲ್ಲೋ ಇರುವ ಕ್ರಿಕೆಟಿಗನ ಮನೆಗೆ ‘ಸೆಲೆಬ್ರಿಟಿ ಮನೆ’ ಎಂಬ ಕಾರಣಕ್ಕೆ ನಾಲ್ಕು ಕೋಟಿ ಹೆಚ್ಚು ಸಿಗುತ್ತದೆಂದು ಹೇಳುವ ಬ್ರೋಕರನ್ನು ಮೊದಲ ದಿನವೇ ದೂರವಿಡುವುದು ಕ್ಷೇಮ. ಆಟಗಾರನ ಹೆಸರು ಗೇಟಿನ ತನಕ ಜನರನ್ನು ಕರೆತರುತ್ತದೆ. ಅಲ್ಲಿಂದಾಚೆಗೆ ಬೆಲೆಯನ್ನು ನಿರ್ಧರಿಸುವುದು ಜಾಗ, ಕಟ್ಟಡ ಮತ್ತು ಕಾಗದಪತ್ರ. ಈ ಮಾರ್ಗದರ್ಶಿಯನ್ನು ಆ ಒಂದು ಎಣಿಕೆಯ ಮೇಲೆಯೇ ಬರೆದಿದ್ದೇನೆ. ಆಟಗಾರರಿಗಿಂತ ಹೆಚ್ಚಾಗಿ ಅವರ ಪರವಾಗಿ ಈ ವ್ಯವಹಾರ ನೋಡಿಕೊಳ್ಳುವ ತಂದೆ, ಅಣ್ಣ, ಪತ್ನಿ ಅಥವಾ ಲೆಕ್ಕಪರಿಶೋಧಕರು ಇದನ್ನು ಓದುತ್ತಾರೆಂಬ ಅಂದಾಜು ನನ್ನದು.

ಮೊದಲ ಹೆಜ್ಜೆ: ಕಾಗದಪತ್ರಗಳನ್ನು ಹೊರಗೆ ತೆಗೆಯಿರಿ

ಬೆಲೆಯ ಮಾತು ಎತ್ತುವ ಮೊದಲೇ ವಕೀಲರೊಬ್ಬರ ಮುಂದೆ ಮೂಲಪತ್ರ, ಕ್ರಯಪತ್ರ, ಇ-ಖಾತಾ, ಮಂಜೂರಾದ ನಕ್ಷೆ, ಓಸಿ (ಕಟ್ಟಡ ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ), ಕಂದಾಯ ರಸೀದಿಗಳು ಮತ್ತು ಮೂವತ್ತು ವರ್ಷಗಳ ಇಸಿಯನ್ನು (ಋಣಭಾರ ಪತ್ರವನ್ನು) ಹರಡಿಕೊಂಡು ಕುಳಿತುಕೊಳ್ಳಬೇಕು. ದುಬಾರಿ ಮನೆಗಳ ಮಾರಾಟ ಮುರಿದು ಬೀಳುವುದು ಬಹುಪಾಲು ಬೆಲೆಯ ಕಾರಣಕ್ಕಲ್ಲ. ಕೊಳ್ಳುವವರ ವಕೀಲರು ಮೂರನೆಯ ವಾರದಲ್ಲಿ ಕೇಳುವ ಒಂದು ಕಾಗದ ಇಲ್ಲದ ಕಾರಣಕ್ಕೆ.

ಕ್ರೀಡಾಪಟುಗಳ ವಿಷಯದಲ್ಲಿ ಇಲ್ಲೊಂದು ವಿಶೇಷ ತೊಡಕಿದೆ. ಸಾಧನೆಯನ್ನು ಮೆಚ್ಚಿ ಸರ್ಕಾರದ ಕಡೆಯಿಂದ ದೊರೆತ ನಿವೇಶನದ ಮೇಲೆ ಮನೆ ಕಟ್ಟಿದ್ದರೆ, ಆ ಹಂಚಿಕೆಯ ಷರತ್ತುಗಳನ್ನು ಸಾಲು ಸಾಲಾಗಿ ಓದಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಹಂಚಿಕೆಗಳಲ್ಲಿ ರೂಢಿಯಲ್ಲಿರುವ ಲೀಸ್-ಕಂ-ಸೇಲ್ (ಮೊದಲು ಗುತ್ತಿಗೆ, ಆಮೇಲೆ ಕ್ರಯ) ಕರಾರಿನಂತೆ ಹತ್ತು ವರ್ಷ ನಿವೇಶನವನ್ನು ಪರಭಾರೆ ಮಾಡುವಂತಿಲ್ಲ. ಅವಧಿ ಮುಗಿದ ಮೇಲೆ ಪ್ರಾಧಿಕಾರದಿಂದ ಶುದ್ಧ ಕ್ರಯಪತ್ರ ಪಡೆದಿರಬೇಕು. ಅವಧಿ ಎಂದೋ ಮುಗಿದಿದ್ದರೂ ಪ್ರವಾಸ, ಪಂದ್ಯ, ಶಿಬಿರಗಳ ನಡುವೆ ಆ ಕ್ರಯಪತ್ರವನ್ನು ಮಾಡಿಸಿಕೊಳ್ಳುವುದನ್ನೇ ಮರೆತ ಮನೆಗಳಿವೆ. ಅದನ್ನು ಮಾಡಿಸಲು ತಿಂಗಳುಗಳು ಬೇಕಾಗಬಹುದಾದ್ದರಿಂದ ಈ ಕೆಲಸ ಮನೆಯ ಫೋಟೊ ತೆಗೆಸುವುದಕ್ಕಿಂತ ಮೊದಲಾಗಬೇಕು.

ನಕ್ಷೆಗೂ ನಿಂತಿರುವ ಕಟ್ಟಡಕ್ಕೂ ಇರುವ ವ್ಯತ್ಯಾಸವನ್ನೂ ಈಗಲೇ ಅಳೆಸಿಕೊಳ್ಳಿ. ನಕ್ಷೆಯಲ್ಲಿ ಖಾಲಿ ತಾರಸಿ ಎಂದಿರುವಲ್ಲಿ ಶೀಟು ಹೊದಿಸಿದ ಜಿಮ್ ಎದ್ದಿರುವುದು ಆಟಗಾರರ ಮನೆಗಳಲ್ಲಿ ಅಪರೂಪವೇನಲ್ಲ.

ಎರಡನೆಯ ಹೆಜ್ಜೆ: ಹೆಸರನ್ನು ಬದಿಗಿಟ್ಟು ಬೆಲೆ ಕಟ್ಟಿರಿ

ಇಡೀ ವ್ಯವಹಾರದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಸ್ವತಂತ್ರ ಮನೆಯ ಬೆಲೆಯ ಬಹುಭಾಗ ನೆಲದ್ದು. ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕು.

ಒಂದು ಉದಾಹರಣೆ ನೋಡೋಣ. ಇಲ್ಲಿನ ದರಗಳು ಲೆಕ್ಕ ತೋರಿಸಲು ಊಹಿಸಿಕೊಂಡವು. 50×80 ಅಡಿಯ ನಿವೇಶನ, ಅಂದರೆ 4,000 ಚದರಡಿ. ಅದೇ ರಸ್ತೆಯಲ್ಲೋ ಅದಕ್ಕೆ ಸಮನಾದ ರಸ್ತೆಯಲ್ಲೋ ಕಳೆದ ಒಂದು ವರ್ಷದಲ್ಲಿ ನಿಜವಾಗಿ ನೋಂದಣಿಯಾದ ಮಾರಾಟಗಳಿಂದ ಚದರಡಿಗೆ 40,000 ರೂಪಾಯಿ ಎಂದು ಗೊತ್ತಾದರೆ ನೆಲದ ಬೆಲೆ 16 ಕೋಟಿ. ಮೇಲಿನ ಕಟ್ಟಡ 7,000 ಚದರಡಿ. ಅಂಥದ್ದನ್ನು ಇಂದು ಕಟ್ಟಿಸಲು ಚದರಡಿಗೆ 4,500 ರೂಪಾಯಿ ತಗಲುವುದಾದರೆ 3.15 ಕೋಟಿ. ಕಟ್ಟಡಕ್ಕೆ 12 ವರ್ಷವಾಗಿದ್ದು, ಅದರ ಆಯಸ್ಸನ್ನು 60 ವರ್ಷವೆಂದು ಹಿಡಿದು ಐದನೆಯ ಒಂದು ಭಾಗ ಸವಕಳಿ ಕಳೆದರೆ ಉಳಿಯುವುದು 2.52 ಕೋಟಿ. ಒಟ್ಟು 18.52 ಕೋಟಿ. ಸರ್ಕಾರದ ಅಂಗೀಕೃತ ಮೌಲ್ಯಮಾಪಕರಿಬ್ಬರಿಂದ ಪ್ರತ್ಯೇಕವಾಗಿ ವರದಿ ಬರೆಸಿ, ಈ ಮೊತ್ತದ ಆಸುಪಾಸಿನಲ್ಲಿ ಅವರೂ ನಿಲ್ಲುತ್ತಾರೋ ನೋಡಬೇಕು. ಮನೆ ಯಾರದೆಂಬ ಮಾತನ್ನು ಅವರ ಮುಂದೆ ಎತ್ತದಿರುವುದೇ ಲೇಸು.

ಇನ್ನು ಆಟಗಾರರು ಪ್ರೀತಿಯಿಂದ ಸೇರಿಸಿದ ಸೌಕರ್ಯಗಳು. ಕ್ರಿಕೆಟ್ ಪಿಚ್ಚಿನ ಉದ್ದ 22 ಗಜ, ಅಂದರೆ 66 ಅಡಿ. 80 ಅಡಿ ಉದ್ದದ ನಿವೇಶನದಲ್ಲಿ ಬಲೆ ಕಟ್ಟಿದ ಅಭ್ಯಾಸದ ಪಿಚ್ಚಿಗೆ ಜಾಗ ಮಾಡಿದ್ದರೆ ಕಾರು ನಿಲ್ಲಿಸುವ ಜಾಗವೋ ತೋಟವೋ ಅದಕ್ಕೆ ಬಲಿಯಾಗಿರುತ್ತದೆ. ಕೊಳ್ಳಲು ಬರುವ ಉದ್ಯಮಿಯ ಕಣ್ಣಿಗೆ ಅದು ಸೌಕರ್ಯವಲ್ಲ, ಕಿತ್ತು ಹಾಕಬೇಕಾದ ಸಾಮಾನು. ಮನೆಯೊಂದರ ತಾರಸಿಯ ಮೇಲೆ ಅಂಟು ಹಾಕಿ ಕೂರಿಸಿದ್ದ ಕೃತಕ ಹುಲ್ಲಿನ ಹಾಸನ್ನು ಮಾಲೀಕರು ಹೆಮ್ಮೆಯಿಂದ ತೋರಿಸುತ್ತಿದ್ದಾಗ, ಕೊಳ್ಳುವವರ ಜೊತೆ ಬಂದಿದ್ದ ಎಂಜಿನಿಯರ್ ಮಾತನಾಡದೆ ಒಂದು ಮೂಲೆಯನ್ನು ಬೆರಳಿನಿಂದ ಎಬ್ಬಿಸಿ ಕೆಳಗಿನ ಕಾಂಕ್ರೀಟನ್ನು ಮುಟ್ಟಿ ನೋಡಿದರು. ಅಂಗೈ ಒದ್ದೆಯಾಗಿತ್ತು. ಹುಲ್ಲಿನ ಕೆಳಗೆ ನಿಂತ ಮಳೆನೀರು ತಾರಸಿಯ ಲೇಪವನ್ನು ತಿಂದುಹಾಕಿತ್ತು. ಕೆಳಗಿನ ಕೋಣೆಯ ಚಾವಣಿಗೆ ಹೊಸದಾಗಿ ಬಳಿದಿದ್ದ ಬಣ್ಣದ ಕಾರಣ ಆಮೇಲೆ ಯಾರಿಗೂ ವಿವರಿಸಬೇಕಾಗಲಿಲ್ಲ, ಚೌಕಾಸಿ ಅಲ್ಲಿಂದಲೇ ಶುರುವಾಯಿತು. ಆದ್ದರಿಂದ ಇಂಥ ಸೌಕರ್ಯಗಳಿಗೆ ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಸೇರಿಸಬೇಡಿ. ತೆಗೆಸಿ ಸರಿಪಡಿಸುವ ಖರ್ಚನ್ನು ಮೊದಲೇ ತಿಳಿದುಕೊಂಡು, ಸಾಧ್ಯವಾದರೆ ನೀವೇ ತೆಗೆಸಿಬಿಡಿ. ಒಳ್ಳೆಯ ಜಿಮ್, ಲಿಫ್ಟ್, ಈಜುಕೊಳ ಮಾತ್ರ ಇದಕ್ಕೆ ಹೊರತು. ಅವು ಯಾರಿಗಾದರೂ ಬೇಕಾಗುವಂಥವು.

ನೆಲದ ಮಹತ್ವ ತಿಳಿಯಲು ಅಮೆರಿಕದ ಇನ್ನೊಂದು ಮನೆಯನ್ನು ನೆನೆಯಬಹುದು. ಬೇಸ್‌ಬಾಲ್ ಆಟಗಾರ ಡೆರೆಕ್ ಜೀಟರ್ ಫ್ಲಾರಿಡಾದ ಟ್ಯಾಂಪಾದಲ್ಲಿ ನೀರಿನಂಚಿಗೆ ಕಟ್ಟಿಸಿದ್ದ ಮನೆಯನ್ನು 2020ರಲ್ಲಿ 2.9 ಕೋಟಿ ಡಾಲರ್‌ಗೆ ಮಾರಾಟಕ್ಕಿಟ್ಟರು. ಜೋರ್ಡಾನ್ ಮೊದಲು ಕೇಳಿದ ಬೆಲೆಯೂ ಇಷ್ಟೇ ಆಗಿತ್ತು. ಆದರೆ ಇದು 2021ರಲ್ಲೇ 2.25 ಕೋಟಿಗೆ ಮಾರಾಟವಾಯಿತು, ಮತ್ತು ಕೊಂಡವರು ಮುಂದೆ ಕಟ್ಟಡವನ್ನು ಕೆಡವಿಸಿದರು. ಅವರಿಗೆ ಬೇಕಾಗಿದ್ದದ್ದು ಜೀಟರ್ ಮನೆಯಲ್ಲ, ಆ ದಡ. ಹೈಲ್ಯಾಂಡ್ ಪಾರ್ಕಿನ ಮನೆಗೆ ಸರೋವರದ ದಡವಿರಲಿಲ್ಲ. ಅಲ್ಲಿ ಉಳಿದದ್ದು ಒಬ್ಬ ಮನುಷ್ಯನ ಅಳತೆಗೆ ಹೊಲಿದ ಕಟ್ಟಡ ಮಾತ್ರ. ನಿಮ್ಮ ಮನೆಯನ್ನು ಕೊಳ್ಳುವವರೂ ಅದನ್ನು ಕೆಡವುವ ಯೋಚನೆಯಲ್ಲಿರಬಹುದೆ ಎಂಬುದನ್ನು ಅಳೆದು ನೋಡಿ. ಹಾಗಿದ್ದರೆ ಮೇಲಿನ ಲೆಕ್ಕದ 2.52 ಕೋಟಿ ಅವರ ಪಾಲಿಗೆ ಸೊನ್ನೆ.

ಕೇಳುವ ಬೆಲೆಯನ್ನು ಲೆಕ್ಕದ ಬೆಲೆಗಿಂತ ನೂರಕ್ಕೆ ಮೂರರಿಂದ ಐದರಷ್ಟು ಮೇಲಿಟ್ಟರೆ ಸಾಕು. 18.52 ಕೋಟಿಯ ಮನೆಗೆ 19.1 ಅಥವಾ 19.4 ಕೋಟಿ ಕೇಳಬಹುದು; 25 ಕೋಟಿ ಕೇಳಿದರೆ ಮೊದಲ ಎರಡು ತಿಂಗಳಲ್ಲಿ ಬರಬೇಕಾದ ನಿಜವಾದ ಗಿರಾಕಿಗಳು ಬಾಗಿಲಿಗೇ ಬರುವುದಿಲ್ಲ. ಆಮೇಲೆ ಇಳಿಸಿದಾಗ, ಈ ಮನೆಯಲ್ಲಿ ಏನೋ ಐಬಿದೆ ಎಂಬ ಮಾತು ಬ್ರೋಕರ್‌ಗಳ ನಡುವೆ ಆಗಲೇ ಹಬ್ಬಿರುತ್ತದೆ. ಬೆಲೆಯನ್ನು ಅದೃಷ್ಟಸಂಖ್ಯೆಗೋ ಜೆರ್ಸಿ ಸಂಖ್ಯೆಗೋ ಹೊಂದಿಸುವ ಆಟವನ್ನು ಜೋರ್ಡಾನ್ ಅವರ ಕಡೆಯವರು ಆಡಿ ಮುಗಿಸಿದ್ದಾರೆ.

ಮೂರನೆಯ ಹೆಜ್ಜೆ: ಕೊಳ್ಳುವವರ ಕಿಸೆಯಿಂದ ಲೆಕ್ಕ ನೋಡಿ

ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರುತ್ತವೆ, ಮತ್ತು 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ನಗರದಲ್ಲಿ ಎಲ್ಲ ಸೇರಿ ಶೇ 7.6. 18.5 ಕೋಟಿಯ ಮನೆಗೆ ಇದೊಂದೇ ಸುಮಾರು 1.40 ಕೋಟಿಯಾಗುತ್ತದೆ. ಸಾಲ ಮಾಡಿ ಕೊಳ್ಳುವುದಾದರೆ, 75 ಲಕ್ಷ ಮೀರಿದ ಗೃಹಸಾಲದಲ್ಲಿ ಬ್ಯಾಂಕು ಆಸ್ತಿಯ ಮೌಲ್ಯದ ಶೇ 75ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಆ ಮೌಲ್ಯವನ್ನು ಬ್ಯಾಂಕಿನ ಮೌಲ್ಯಮಾಪಕರೇ ಬರೆಯುತ್ತಾರೆ, ಅಭಿಮಾನಿಗಳಲ್ಲ. ಈ ಲೆಕ್ಕ ನಿಮಗೆ ಬಾಯಿಪಾಠವಾಗಿದ್ದರೆ ಗಿರಾಕಿ ಎಲ್ಲಿ ನಿಲ್ಲುತ್ತಾರೆಂಬುದು ಮೊದಲೇ ತಿಳಿಯುತ್ತದೆ.

ಸ್ವಲ್ಪ ಹಣವನ್ನು ನಗದಾಗಿ ಕೊಡುತ್ತೇವೆ, ಪತ್ರದಲ್ಲಿ ಕಡಿಮೆ ತೋರಿಸೋಣ ಎಂಬ ಮಾತು ಬಂದೇ ಬರುತ್ತದೆ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ಮಾರ್ಗಸೂಚಿ ಬೆಲೆ (ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಆ ಜಾಗಕ್ಕೆ ನಿಗದಿಮಾಡಿದ ಬೆಲೆ) ಪತ್ರದ ಬೆಲೆಯ ಶೇ 110ನ್ನು ಮೀರಿದರೆ ತೆರಿಗೆಯ ಲೆಕ್ಕಕ್ಕೆ ಮಾರ್ಗಸೂಚಿ ಬೆಲೆಯನ್ನೇ ಹಿಡಿಯುತ್ತಾರೆ. ಜಾಹೀರಾತುಗಳಲ್ಲಿ ಮುಖ ಕಾಣಿಸುವ ವ್ಯಕ್ತಿಗೆ ಇಂಥ ಉಳಿತಾಯ ಯಾವ ಲೆಕ್ಕದಲ್ಲೂ ಗಿಟ್ಟುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮನೆಯಿಂದ ಆಟಗಾರನನ್ನು ತೆಗೆಯಿರಿ

ಟ್ರೋಫಿಗಳ ಗೋಡೆಯನ್ನು ಮೊದಲು ಖಾಲಿ ಮಾಡಿ, ಮೊಳೆಯ ತೂತುಗಳನ್ನು ಮುಚ್ಚಿ, ಇಡೀ ಗೋಡೆಗೆ ಒಂದೇ ಬಣ್ಣ ಹೊಡೆಸಿ. ತೂತುಗಳಿಗಷ್ಟೇ ತೇಪೆ ಹಾಕಿದರೆ ಚೌಕಟ್ಟುಗಳ ಬಿಳಿ ಗುರುತು ಗೋಡೆಯ ಮೇಲೆ ಉಳಿದು, ನೋಡಲು ಬಂದವರು ಅಲ್ಲಿ ಏನಿತ್ತೆಂದು ಊಹಿಸುವುದರಲ್ಲೇ ಹೊತ್ತು ಕಳೆಯುತ್ತಾರೆ. ಜೆರ್ಸಿ, ಸಹಿ ಹಾಕಿದ ಬ್ಯಾಟು, ಪದಕಗಳನ್ನು ಮಾರಾಟದಲ್ಲಿ ಸೇರಿಸುವ ಯೋಚನೆಯನ್ನೂ ಬಿಡಿ. ಜೋರ್ಡಾನ್ ಬೂಟುಗಳು ಮನೆಯನ್ನು ಮಾರಲಿಲ್ಲ. ಮೇಲಾಗಿ ಅಂಥ ವಸ್ತುಗಳ ಬೆಲೆಯನ್ನು ಕ್ರಯಪತ್ರದ ಮೊತ್ತಕ್ಕೆ ಸೇರಿಸಿದರೆ ಅದಕ್ಕೂ ಮುದ್ರಾಂಕ ಶುಲ್ಕ ಕಟ್ಟಬೇಕಾಗುತ್ತದೆ. ಕೊಳ್ಳುವವರಿಗೆ ನಿಜಕ್ಕೂ ಬೇಕಿದ್ದರೆ ಚರಾಸ್ತಿಯ ಪ್ರತ್ಯೇಕ ಪಟ್ಟಿ ಮಾಡಿ, ಪ್ರತ್ಯೇಕ ರಸೀದಿ ಕೊಡಬಹುದು.

ಪೂಜಾಕೋಣೆ, ದಿಕ್ಕು, ಬಾಗಿಲ ಸ್ಥಾನ ಇವನ್ನು ಮುಚ್ಚಿಡಲು ಬರುವುದಿಲ್ಲ. ವಾಸ್ತು ನೋಡುವವರು ನೋಡಿಯೇ ನೋಡುತ್ತಾರೆ.

ಐದನೆಯ ಹೆಜ್ಜೆ: ಸದ್ದಿಲ್ಲದೆ ಮಾರುಕಟ್ಟೆಗೆ ಇಳಿಸುವುದು

ಒಬ್ಬ ಬ್ರೋಕರ್‌ಗೆ ಬೆಳಿಗ್ಗೆ ಕಳಿಸಿದ ಫೋಟೊ ಸಂಜೆಯೊಳಗೆ ಹತ್ತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿ, ಮರುದಿನ ಅದೇ ಮನೆಯನ್ನು ನಾಲ್ಕು ಬೇರೆ ಬೇರೆ ಬೆಲೆಗಳಿಗೆ ನಿಮ್ಮ ಸ್ನೇಹಿತರಿಗೇ ತೋರಿಸಲು ಹೊರಡುವವರು ಹುಟ್ಟಿಕೊಳ್ಳುತ್ತಾರೆ. ಹಾಗಾಗಿ ಒಬ್ಬರೇ ಬ್ರೋಕರ್, ತೊಂಬತ್ತು ದಿನಗಳ ಲಿಖಿತ ಒಪ್ಪಂದ, ಶೇ 1ರಿಂದ 2ರ ನಡುವೆ ಮೊದಲೇ ನಿಗದಿಯಾದ ಕಮಿಷನ್, ಮತ್ತು ಮಾಲೀಕರ ಹೆಸರನ್ನು ಎಲ್ಲಿಯೂ ಹೇಳಬಾರದೆಂಬ ಷರತ್ತು ಇರಲಿ. ಫೋಟೊಗಳಲ್ಲಿ ಗೇಟು, ಮನೆಯ ಸಂಖ್ಯೆ, ಕ್ಯಾಮೆರಾಗಳ ಸ್ಥಾನ, ಮಕ್ಕಳ ಕೋಣೆ ಕಾಣಿಸಬಾರದು.

ಮನೆ ನೋಡಲು ಬರುವವರ ಪೈಕಿ ಅರ್ಧದಷ್ಟು ಮಂದಿ ಆಟಗಾರನ ಮನೆ ಹೇಗಿದೆಯೆಂದು ನೋಡಲಷ್ಟೇ ಬರುತ್ತಾರೆ ಎಂದು ಹಿಡಿದುಕೊಳ್ಳುವುದು ಒಳ್ಳೆಯದು. ಗುರುತಿನ ಚೀಟಿಯನ್ನೂ, ಇಷ್ಟು ಹಣ ಹೊಂದಿಸಬಲ್ಲರೆಂಬ ಬ್ಯಾಂಕಿನ ಪತ್ರ ಅಥವಾ ಅವರ ಲೆಕ್ಕಪರಿಶೋಧಕರ ಪತ್ರವನ್ನೂ ಮೊದಲೇ ತರಿಸಿಕೊಳ್ಳಿ. ಇದನ್ನು ಕೇಳಿದರೆ ಅವಮಾನವೆಂದು ಭಾವಿಸುವವರು ಸಾಮಾನ್ಯವಾಗಿ ಕೊಳ್ಳುವವರಲ್ಲ. ಮನೆ ತೋರಿಸುವ ಹೊತ್ತಿನಲ್ಲಿ ಆಟಗಾರ ಅಲ್ಲಿರಬಾರದು. ಇದ್ದರೆ ಮಾತೆಲ್ಲ ಹೋದ ಪಂದ್ಯದ್ದೇ ಆಗಿ, ಕೊನೆಗೆ ಒಂದು ಸೆಲ್ಫಿಯಲ್ಲಿ ಮುಗಿಯುತ್ತದೆ. ನಿವೃತ್ತಿ, ಗಾಯ, ತಂಡದ ಬದಲಾವಣೆಯ ಸುದ್ದಿ ಪತ್ರಿಕೆಯಲ್ಲಿ ಬಂದ ವಾರ ಮನೆಯನ್ನು ಮಾರಾಟಕ್ಕಿಡುವುದೂ ಬೇಡ, ಏಕೆಂದರೆ ಅವಸರದಲ್ಲಿದ್ದಾರೆಂಬ ಗುಮಾನಿಗೆ ಗಿರಾಕಿ ತಕ್ಷಣ ಬೆಲೆ ಇಳಿಸುತ್ತಾರೆ.

ತೊಂಬತ್ತು ದಿನಗಳಲ್ಲಿ ಲಿಖಿತವಾಗಿ ಬಂದ ಒಂದು ಬೆಲೆಯೂ ಇಲ್ಲದಿದ್ದರೆ ಸಮಸ್ಯೆ ಬ್ರೋಕರಲ್ಲಿಲ್ಲ, ಬೆಲೆಯಲ್ಲಿದೆ. ಆಗ ಐದೈದು ಲಕ್ಷ ಇಳಿಸುತ್ತ ಹೋಗದೆ, ಹೊಸದಾಗಿ ನೋಂದಣಿಯಾದ ಮಾರಾಟಗಳನ್ನು ನೋಡಿ ಒಂದೇ ಸಲ ಸರಿಯಾಗಿ ಇಳಿಸಿ.

ಗುಟ್ಟಿಗೂ ಒಂದು ಮಿತಿಯಿದೆ. ನೋಂದಣಿಯಾದ ಮೇಲೆ ಆ ಆಸ್ತಿಯ ಇಸಿಯನ್ನು ಯಾರು ಬೇಕಾದರೂ ತೆಗೆಸಬಹುದು, ಅದರಲ್ಲಿ ಕ್ರಯದ ಮೊತ್ತವೂ ಇರುತ್ತದೆ. ತಾರೆಯರ ಆಸ್ತಿ ವ್ಯವಹಾರಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ವರದಿಗಳು ಬಹುಪಾಲು ಇಂಥ ದಾಖಲೆಗಳಿಂದಲೇ ಹುಟ್ಟುವಂಥವು. ಕುಟುಂಬದವರಿಗೆ ಇದನ್ನು ಮೊದಲೇ ತಿಳಿಸಿಡಿ.

ಆರನೆಯ ಹೆಜ್ಜೆ: ತೆರಿಗೆಯನ್ನು ಕರಾರಿಗೆ ಮೊದಲೇ ಲೆಕ್ಕಹಾಕಿ

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕೈಯಲ್ಲಿದ್ದ ಮನೆಯ ಲಾಭ ದೀರ್ಘಾವಧಿ ಬಂಡವಾಳ ಲಾಭವೆನಿಸುತ್ತದೆ. 2024ರ ಜುಲೈ 23ರಿಂದ ಅದರ ತೆರಿಗೆ ಶೇ 12.5, ಹಣದುಬ್ಬರದ ಹೊಂದಾಣಿಕೆಯಿಲ್ಲದೆ. ಆ ದಿನಕ್ಕಿಂತ ಮೊದಲು ಕೊಂಡ ಮನೆಯಾದರೆ ಭಾರತದ ನಿವಾಸಿಗಳು ಹೊಂದಾಣಿಕೆಯೊಂದಿಗೆ ಶೇ 20ರ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಲಾಭವನ್ನು ಇನ್ನೊಂದು ವಾಸದ ಮನೆಗೆ ತೊಡಗಿಸಿದರೆ ವಿನಾಯಿತಿ ಉಂಟು: ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಇಲ್ಲವೆ ಮೂರು ವರ್ಷದೊಳಗೆ ಕಟ್ಟಿಸಬೇಕು. ಆದರೆ ಈ ವಿನಾಯಿತಿಗೆ ಈಗ 10 ಕೋಟಿಯ ಮಿತಿಯಿದೆ, ಮತ್ತು ಈ ದರ್ಜೆಯ ಮನೆಗಳಲ್ಲಿ ಆ ಮಿತಿ ನಿಜವಾಗಿಯೂ ಕಚ್ಚುತ್ತದೆ. ಜಿಮ್ಮಿಗೋ ಈಜುಕೊಳಕ್ಕೋ ನೀವು ಮಾಡಿದ ಖರ್ಚು ಕಟ್ಟಡಕ್ಕೆ ಸ್ಥಿರವಾಗಿ ಸೇರಿದ್ದು, ಬಿಲ್ಲುಗಳಿದ್ದರೆ, ಸುಧಾರಣೆಯ ವೆಚ್ಚವಾಗಿ ಲಾಭದಿಂದ ಕಳೆಯಬಹುದು. ಹಳೆಯ ಬಿಲ್ಲುಗಳ ಫೈಲು ಹುಡುಕುವುದು ಸಾರ್ಥಕವಾಗುವುದು ಇಲ್ಲಿ.

ಕ್ರೀಡಾಪಟುಗಳು ವಿಶೇಷವಾಗಿ ಎಡವುವ ಜಾಗ ನಿವಾಸದ ಸ್ಥಿತಿ. ಲೀಗುಗಳು, ಕೌಂಟಿ ಪಂದ್ಯಗಳು, ವಿದೇಶದ ತರಬೇತಿ ಇವೆಲ್ಲ ಸೇರಿ ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿದ್ದ ದಿನಗಳು 182ಕ್ಕಿಂತ ಕಡಿಮೆಯಾದರೆ, ಇತರ ಷರತ್ತುಗಳನ್ನೂ ನೋಡಿ, ಅನಿವಾಸಿ ಎಂದಾಗುವ ಸಂಭವವಿದೆ. ನಿವಾಸಿಯಿಂದ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿ ಕೊಳ್ಳುವವರು ಮೂಲದಲ್ಲಿ ಶೇ 1 ತೆರಿಗೆ ಮುರಿದುಕೊಳ್ಳುತ್ತಾರೆ. 18 ಕೋಟಿಗೆ 18 ಲಕ್ಷ. ಅನಿವಾಸಿಯಾದರೆ ಸರ್ಚಾರ್ಜ್ ಮತ್ತು ಸೆಸ್ ಸೇರಿ ದರ ಶೇ 14.95ರ ತನಕ ಹೋಗುತ್ತದೆ. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪಡೆಯದಿದ್ದರೆ ಕೊಳ್ಳುವವರು ಸಾಮಾನ್ಯವಾಗಿ ಪೂರ್ತಿ ಬೆಲೆಯ ಮೇಲೆಯೇ ಅದನ್ನು ಹಿಡಿಯುತ್ತಾರೆ. 18 ಕೋಟಿಗೆ ಅದು ಸುಮಾರು 2.69 ಕೋಟಿ. ಹಣ ಮರಳಿ ಬರುವುದು ರಿಟರ್ನ್ಸ್ ಸಲ್ಲಿಸಿದ ಮೇಲೆ. ಪಾಸ್‌ಪೋರ್ಟಿನ ಮುದ್ರೆಗಳನ್ನು ಹಿಡಿದುಕೊಂಡು ದಿನಗಳನ್ನು ಎಣಿಸುವ ಕೆಲಸವನ್ನು ಲೆಕ್ಕಪರಿಶೋಧಕರಿಗೆ ಕರಾರಿಗೆ ಮೊದಲೇ ವಹಿಸಿ.

ಏಳನೆಯ ಹೆಜ್ಜೆ: ಕರಾರು, ಅಧಿಕಾರಪತ್ರ, ನೋಂದಣಿ

ಕ್ರಯದ ಕರಾರಿನಲ್ಲಿ ಅಡ್ವಾನ್ಸ್ ಎಷ್ಟು, ಉಳಿದ ಹಣ ಯಾವ ದಿನ, ತಪ್ಪಿದರೆ ಏನು, ಗೋಡೆಗೆ ಕೂರಿಸಿದ ಯಾವ ವಸ್ತುಗಳು ಮನೆಯ ಜೊತೆ ಹೋಗುತ್ತವೆ ಎಂಬುದನ್ನೆಲ್ಲ ಬರೆಯಿರಿ. ಆಟಗಾರನ ಹೆಸರನ್ನೋ ಚಿತ್ರವನ್ನೋ ಮನೆಯ ಮುಂದಿನ ಪ್ರಚಾರಕ್ಕೆ ಬಳಸಬಾರದೆಂಬ ಒಂದು ಸಾಲನ್ನೂ ಸೇರಿಸಿ. ಇಲ್ಲದಿದ್ದರೆ ಮನೆ ಅತಿಥಿಗೃಹವಾಗಿ, ಅದರ ಜಾಹೀರಾತಿನಲ್ಲಿ ನಿಮ್ಮ ಹೆಸರು ಕಾಣಿಸಿಕೊಳ್ಳಬಹುದು.

ನೋಂದಣಿಯ ದಿನ ಆಟಗಾರ ಸರಣಿಯೊಂದರ ನಡುವೆ ಇರುವುದೇ ಹೆಚ್ಚು. ಅಧಿಕಾರಪತ್ರ ಕೊಡುವುದಾದರೆ ತಂದೆ, ತಾಯಿ, ಸಂಗಾತಿ, ಮಕ್ಕಳು, ಒಡಹುಟ್ಟಿದವರ ಹೆಸರಿಗೇ ಕೊಡಿ. ಮ್ಯಾನೇಜರ್ ಹೆಸರಿಗೆ ಮಾರುವ ಅಧಿಕಾರ ಕೊಟ್ಟರೆ ಕರ್ನಾಟಕದಲ್ಲಿ ಆಸ್ತಿಯ ಮಾರುಕಟ್ಟೆ ಮೌಲ್ಯದ ಮೇಲೆಯೇ ಮುದ್ರಾಂಕ ಶುಲ್ಕ ಬೀಳುತ್ತದೆ. ವಿದೇಶದಲ್ಲಿ ಸಹಿ ಮಾಡಿದ ಅಧಿಕಾರಪತ್ರವಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಅದು ಭಾರತಕ್ಕೆ ಬಂದು ಮುಟ್ಟಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಮಾಡಿಸಬೇಕು.

ಕೀಲಿಕೈ ಕೊಟ್ಟ ಮೇಲೆ

ಕ್ಯಾಮೆರಾ, ದೀಪ, ಬೀಗಗಳನ್ನು ನಡೆಸುವ ಆ್ಯಪ್‌ಗಳಿಂದ ಕುಟುಂಬದ ಖಾತೆಗಳನ್ನು ತೆಗೆದು ಎಲ್ಲವನ್ನೂ ಹೊಸದಾಗಿ ಹೊಂದಿಸಿ. ಡ್ರೈವರ್ ಮತ್ತು ತರಬೇತುದಾರರ ಬಳಿಯಿರುವ ಗೇಟಿನ ರಿಮೋಟುಗಳನ್ನು ಎಣಿಸಿ ಹಿಂದಕ್ಕೆ ಪಡೆಯಿರಿ. ಪ್ರಾಯೋಜಕರು ಕಳಿಸುವ ಪೆಟ್ಟಿಗೆಗಳು ಹಳೆಯ ವಿಳಾಸಕ್ಕೇ ಬರುತ್ತಿರುತ್ತವೆ, ಆದ್ದರಿಂದ ಹೊಸ ವಿಳಾಸವನ್ನು ಅವರಿಗೆಲ್ಲ ಲಿಖಿತವಾಗಿ ತಿಳಿಸಿ. ಗೂಗಲ್ ಮ್ಯಾಪ್‌ನಲ್ಲಿ ಯಾರೋ ಅಭಿಮಾನಿ ಆ ಜಾಗಕ್ಕೆ ನಿಮ್ಮ ಹೆಸರು ಹಚ್ಚಿಟ್ಟಿದ್ದರೆ ಅದನ್ನು ತೆಗೆಸಲು ಕೋರಿಕೆ ಸಲ್ಲಿಸಿ. ಹುಟ್ಟುಹಬ್ಬದ ಬೆಳಿಗ್ಗೆ ಹಾರ, ಕೇಕು ಹಿಡಿದು ಬರುವ ಹುಡುಗರಿಗೆ ಮನೆ ಮಾರಾಟವಾದದ್ದು ಗೊತ್ತಿರುವುದಿಲ್ಲ. ಮೊದಲ ವರ್ಷ ಆ ಒಂದು ದಿನದ ಮಟ್ಟಿಗೆ ಗೇಟಿನ ಬಳಿ ನಿಮ್ಮ ಹಳೆಯ ಕಾವಲುಗಾರನನ್ನು ನಿಲ್ಲಿಸುತ್ತೇವೆಂದು ಹೊಸ ಮಾಲೀಕರಿಗೆ ಹೇಳಿದರೆ ಅವರು ಬೇಡವೆನ್ನುವುದಿಲ್ಲ.